ಇಪ್ಪತ್ತು ಹುಣಸೆ ಬೀಜ, ಒಂದು ಹಾಳೆ: ಬಾಡಿಗೆ ಮನೆಯನ್ನು ಅಳೆದು ತೂಗಿ ಆರಿಸುವುದು ಹೇಗೆ

ಹಿಂದಿನ ಸಲ ನಾವು ಮನೆ ಹಿಡಿದದ್ದು ಹದಿನೈದು ನಿಮಿಷದಲ್ಲಿ. ಸಂಜೆಯೊಳಗೆ ಟೋಕನ್ ಕೊಡದಿದ್ದರೆ ಮನೆ ಹೋಗುತ್ತದೆ ಅಂತ ಬ್ರೋಕರ್ ಅವಸರ ಮಾಡಿದರು, ಅಡುಗೆಮನೆಯ ಗ್ರಾನೈಟ್ ಕಣ್ಣಿಗೆ ಚೆನ್ನಾಗಿ ಕಂಡಿತು, ದುಡ್ಡು ಕೊಟ್ಟುಬಿಟ್ಟೆವು. ಮನೆ ಇದ್ದದ್ದು ಬೆಂಗಳೂರಿನ ಪದ್ಮನಾಭನಗರದಲ್ಲಿ. ನೀರಿಗೆ ತೊಂದರೆ ಇರಲಿಲ್ಲ, ಜಯನಗರದಲ್ಲಿರುವ ಮಗಳ ಶಾಲೆಯೂ ಹತ್ತಿರ. ಆದರೆ ನನ್ನ ಗಂಡನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನನ್ನದು ರಾಜಾಜಿನಗರದಲ್ಲಿ. ಇಬ್ಬರದ್ದೂ ಸೇರಿದರೆ ದಿನಕ್ಕೆ ಹೆಚ್ಚು ಕಡಿಮೆ ಐದು ಗಂಟೆ ರಸ್ತೆಯಲ್ಲೇ ಹೋಗುತ್ತಿತ್ತು. ಹಾಗೇ ಮೂರು ವರ್ಷ ಕಳೆದೆವು.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಶುರುವಾಯಿತು. ಮತ್ತೆ ಮನೆ ಹುಡುಕೋಣ ಅಂತ ಮಾತು ಬಂತು, ಮಾತಿನ ಜೊತೆ ಜಗಳವೂ ಬಂತು. ಗಂಡನಿಗೆ ಸಿಂಗಸಂದ್ರದ ಅಪಾರ್ಟ್‌ಮೆಂಟ್ ಇಷ್ಟ, ಅತ್ತೆಗೆ ಬನಶಂಕರಿ, ಮಗಳಿಗೆ ಎಲ್ಲಿ ಆಟದ ಜಾಗ ಇದೆಯೋ ಅಲ್ಲಿ. ಎರಡು ವಾರ ಇದೇ ನಡೆಯಿತು. ನಾಲ್ಕು ಜನ ನಾಲ್ಕು ತಕ್ಕಡಿ ಹಿಡಿದು ಕೂತಿದ್ದೆವು, ಒಬ್ಬರ ತಕ್ಕಡಿ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಕೊನೆಗೆ ಒಂದು ಹಾಳೆ ತೆಗೆದುಕೊಂಡು, ಕ್ರಮವಾಗಿ ಒಂದೊಂದೇ ಹೆಜ್ಜೆ ಇಟ್ಟು ತೀರ್ಮಾನ ಮಾಡಿದೆವು. ಆ ಹೆಜ್ಜೆಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಮಾತು ನಡೆಯುತ್ತಿದ್ದರೆ ಇದನ್ನು ಹಾಗೇ ಬಳಸಬಹುದು.

ಮೊದಲು ಪ್ರಶ್ನೆ ಬರೆಯಿರಿ

ಹಾಳೆಯ ಮೇಲ್ಗಡೆ ಒಂದೇ ಸಾಲು. "ಒಳ್ಳೆಯ ಮನೆ ಯಾವುದು?" ಅಂತ ಬರೆದರೆ ಉಪಯೋಗವಿಲ್ಲ. ಯಾರಿಗೆ, ಎಷ್ಟು ವರ್ಷಕ್ಕೆ, ಯಾವ ದಿನದೊಳಗೆ ಅನ್ನೋದು ಅದರಲ್ಲಿ ಇರಬೇಕು. ನಾವು ಬರೆದದ್ದು ಹೀಗೆ: "ನಾವು ನಾಲ್ಕು ಜನ ಮುಂದಿನ ಮೂರು ವರ್ಷ ಯಾವ ಮನೆಯಲ್ಲಿರಬೇಕು? ಧನುರ್ಮಾಸ ಶುರುವಾಗುವ ಮೊದಲು ಹೋಗಿರಬೇಕು." ಧನುರ್ಮಾಸದಲ್ಲಿ ಮನೆ ಬದಲಿಸುವುದು ಅತ್ತೆಗೆ ಬೇಡವಾಗಿತ್ತು. ಅದು ಡಿಸೆಂಬರ್ ಮಧ್ಯದಲ್ಲಿ ಬರುತ್ತದೆ. ಹಾಗಾಗಿ ನಮಗೆ ತಾನಾಗಿಯೇ ಒಂದು ಗಡುವು ಸಿಕ್ಕಿತು. ಗಡುವು ಇಲ್ಲದಿದ್ದರೆ ಮನೆ ನೋಡುವ ಕೆಲಸ ಮುಗಿಯೋದೇ ಇಲ್ಲ.

ಮೂರು ವರ್ಷ ಅನ್ನುವ ಮಾತು ಸಣ್ಣದಾಗಿ ಕಂಡರೂ ಮುಂದೆ ಪ್ರತಿ ಲೆಕ್ಕಕ್ಕೂ ಬೇಕಾಗುತ್ತದೆ.

ಇರಲೇಬೇಕಾದದ್ದು ಬೇರೆ, ಇದ್ದರೆ ಚೆನ್ನ ಅನ್ನೋದು ಬೇರೆ

ಈಗ ಹಾಳೆಯ ಮಧ್ಯೆ ಒಂದು ಗೆರೆ. ಎಡಗಡೆ, ಇಲ್ಲದಿದ್ದರೆ ಆ ಮನೆಯೇ ಬೇಡ ಅನ್ನುವಂಥವು. ಬಲಗಡೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವಂಥವು.

ಎಡಗಡೆ ಏನೇನು ಹೋಗಬೇಕು ಅಂತ ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮಿಕ್ಕಿದ್ದೆಲ್ಲ ಚಿನ್ನದಂತಿದ್ದು ಇದೊಂದು ಇಲ್ಲದಿದ್ದರೆ, ನಾವು ನಿಜಕ್ಕೂ ಆ ಮನೆಗೆ ಹೋಗುವುದಿಲ್ಲವಾ? ಹೋಗುತ್ತೇವೆ ಅನ್ನಿಸಿದರೆ ಅದು ಬಲಗಡೆಗೆ. ನಾವು ಮೊದಲು ಎಡಗಡೆ ಹನ್ನೊಂದು ಬರೆದಿದ್ದೆವು, ಈ ಪ್ರಶ್ನೆ ಕೇಳಿದ ಮೇಲೆ ಉಳಿದದ್ದು ಮೂರು. ಅತ್ತೆಗೆ ಮಂಡಿನೋವು, ಹಾಗಾಗಿ ನೆಲಮಹಡಿ ಅಥವಾ ಲಿಫ್ಟ್. ಎಲ್ಲ ಸೇರಿ ತಿಂಗಳಿಗೆ 35,000 ದಾಟಬಾರದು. ದಕ್ಷಿಣದ ಬಾಗಿಲು ಬೇಡ. ಮೂರನೆಯದು ನನಗೆ ಅಷ್ಟು ಮುಖ್ಯವಲ್ಲ, ಆದರೆ ಅತ್ತೆ ಅದೇ ಪ್ರಶ್ನೆಗೆ ಯೋಚಿಸಿ "ಅಂಥ ಮನೇಲಿ ನನಗೆ ನಿದ್ದೆ ಬರಲ್ಲ" ಅಂದರು. ದಿನದ ಇಪ್ಪತ್ತನಾಲ್ಕು ಗಂಟೆಯೂ ಮನೆಯಲ್ಲಿರುವವರು ಅವರೇ. ಹಾಗಾಗಿ ಅದು ಎಡಗಡೆಯೇ ಉಳಿಯಿತು.

ಈ ಗೆರೆಯಿಂದ ಜಯನಗರದ ಒಂದು ತುಂಬ ಚೆಂದದ ಹಳೇ ಮನೆ ಬಿಟ್ಟುಹೋಯಿತು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಬೇಜಾರಾಯಿತು. ಆದರೆ ಮೆಟ್ಟಿಲ ವಿಷಯ ಕೂಡುವ ಕಳೆಯುವ ಲೆಕ್ಕಕ್ಕೆ ಬರುವಂಥದ್ದಲ್ಲ, ಮುಂದಿನ ಬಾಲ್ಕನಿ ಎಷ್ಟೇ ದೊಡ್ಡದಿದ್ದರೂ ಅದು ಮಂಡಿನೋವಿಗೆ ಸಮ ಆಗುವುದಿಲ್ಲ. ಅದಕ್ಕೇ ಈ ಸೋಸುವ ಕೆಲಸ ಅಂಕ ಹಾಕುವುದಕ್ಕೆ ಮೊದಲೇ ಆಗಬೇಕು.

ಉಳಿದದ್ದು ನಾಲ್ಕು ಆಯ್ಕೆ. ಬನಶಂಕರಿ 2ನೇ ಹಂತದಲ್ಲಿ ನೆಲಮಹಡಿಯ ಮನೆ. ಕೋಣನಕುಂಟೆ ಕ್ರಾಸ್ ಮೆಟ್ರೋ ಪಕ್ಕದ ಅಪಾರ್ಟ್‌ಮೆಂಟ್. ಸಿಂಗಸಂದ್ರದ ಅಪಾರ್ಟ್‌ಮೆಂಟ್. ನಾಲ್ಕನೆಯದು, ಈಗಿರುವ ಮನೆಯಲ್ಲೇ ಇರುವುದು. ಇದನ್ನು ಬರೆಯಲು ತುಂಬ ಜನ ಮರೆಯುತ್ತಾರೆ. ಏನೂ ಬದಲಿಸದೆ ಇರುವುದೂ ಒಂದು ಆಯ್ಕೆಯೇ, ಅದಕ್ಕೂ ಅಂಕ ಬೀಳಲೇಬೇಕು.

ಹೋಲಿಸುವ ಅಂಶಗಳು

ಬಲಗಡೆಯ ಪಟ್ಟಿಯಿಂದ ಐದು ಅಥವಾ ಆರು ಅಂಶ ಸಾಕು. ಹದಿನೈದು ಇಟ್ಟುಕೊಂಡರೆ ಮುಖ್ಯವಾದದ್ದು ಚಿಲ್ಲರೆ ವಿಷಯಗಳ ನಡುವೆ ಕಳೆದುಹೋಗುತ್ತದೆ.

ಒಂದೇ ವಿಷಯ ಎರಡು ಹೆಸರಲ್ಲಿ ಕೂತಿರುವುದನ್ನು ಹುಡುಕಿ ತೆಗೆಯಿರಿ. "ಮೆಟ್ರೋ ಹತ್ತಿರ" ಅಂತ ಒಂದು, "ಆಫೀಸಿಗೆ ಬೇಗ ತಲುಪಬೇಕು" ಅಂತ ಇನ್ನೊಂದು ಬರೆದಿದ್ದೆವು. ಮೆಟ್ರೋ ಹತ್ತಿರ ಬೇಕಾಗಿರುವುದೇ ಬೇಗ ತಲುಪುವುದಕ್ಕೆ ಅಲ್ವಾ? ಎರಡನ್ನೂ ಇಟ್ಟರೆ ಸಿಂಗಸಂದ್ರಕ್ಕೆ ಒಂದೇ ಗುಣಕ್ಕೆ ಎರಡು ಸಲ ಅಂಕ ಸಿಗುತ್ತದೆ. ಟ್ಯಾಂಕರ್ ನೀರಿನದ್ದೂ ಇದೇ ಕಥೆ. ಅದರ ದುಡ್ಡನ್ನು ಖರ್ಚಿನಲ್ಲಿ ಸೇರಿಸಿದ್ದರೆ, ನೀರು ಅನ್ನುವ ಸಾಲಿನಲ್ಲಿ ನೀರು ಸಿಗುತ್ತದೋ ಇಲ್ಲವೋ ಅನ್ನುವ ಆತಂಕವನ್ನಷ್ಟೇ ತೂಗಬೇಕು.

ನಮ್ಮಲ್ಲಿ ಕೊನೆಗೆ ಉಳಿದದ್ದು ಐದು: ಓಡಾಟ, ಖರ್ಚು, ನೀರು, ಶಾಲೆಯ ದೂರ, ಗಾಳಿ-ಬೆಳಕು-ಜಾಗ.

ಊಹೆ ಬಿಟ್ಟು ಅಳೆದು ತನ್ನಿ

ಈ ಹೆಜ್ಜೆಗೆ ಒಂದು ವಾರ ಬೇಕು. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ.

ಓಡಾಟಕ್ಕೆ ಮ್ಯಾಪ್ ನೋಡಿದರೆ ಸಾಲದು. ಸೋಮವಾರ ಬೆಳಗ್ಗೆ ಆ ಮನೆಯ ಬಾಗಿಲಿನಿಂದ ಆಫೀಸಿನ ಬಾಗಿಲಿನವರೆಗೆ ಹೋಗಿ ಬನ್ನಿ. ನಡೆಯುವ ಸಮಯ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗದಿಂದ ಹಳದಿಗೆ ಬದಲಾಯಿಸುವ ಸಮಯ, ರೈಲಿಗೆ ಕಾಯುವ ಸಮಯ ಎಲ್ಲ ಸೇರಬೇಕು. ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲಿತ್ತು, ಆಮೇಲೆ ರೈಲು ಜಾಸ್ತಿಯಾದವು. ಇಂಥ ಬದಲಾವಣೆ ಹಳೇ ಲೆಕ್ಕವನ್ನೇ ಕೆಡಿಸುತ್ತದೆ. ನಮ್ಮಿಬ್ಬರ ಹೋಗಿ ಬರುವ ಸಮಯ ಕೂಡಿದಾಗ ಬನಶಂಕರಿಯಿಂದ ದಿನಕ್ಕೆ 220 ನಿಮಿಷ, ಕೋಣನಕುಂಟೆ ಕ್ರಾಸ್‌ನಿಂದ 240, ಸಿಂಗಸಂದ್ರದಿಂದ 210, ಈಗಿನ ಮನೆಯಿಂದ 290 ಬಂತು. ಸಿಂಗಸಂದ್ರ ಗಂಡನ ಆಫೀಸಿಗೆ ತೀರಾ ಹತ್ತಿರ, ಆದರೆ ರಾಜಾಜಿನಗರಕ್ಕೆ ಹೋಗುವ ನನಗೆ ಅಷ್ಟೇ ದೂರ. ಬರೀ ಅವರ ಓಡಾಟ ನೋಡಿದ್ದರೆ ಈ ಅಂತರ ತುಂಬ ದೊಡ್ಡದಾಗಿ ಕಾಣುತ್ತಿತ್ತು.

ಖರ್ಚು ಅಂದರೆ ಬಾಡಿಗೆಯೊಂದೇ ಅಲ್ಲ. ಬೆಂಗಳೂರಲ್ಲಿ ಅಡ್ವಾನ್ಸ್ ದೊಡ್ಡ ಮೊತ್ತ, ಹತ್ತು ತಿಂಗಳ ಬಾಡಿಗೆ ಕೇಳುವವರು ಈಗಲೂ ಇದ್ದಾರೆ. ಆ ದುಡ್ಡು ವಾಪಸ್ ಬಂದರೂ ಅದರ ಬಡ್ಡಿ ಬರುವುದಿಲ್ಲ. ಮನೆ ಬಿಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಇದನ್ನೆಲ್ಲ ತಿಂಗಳ ಲೆಕ್ಕಕ್ಕೆ ಇಳಿಸಬೇಕು. ಬನಶಂಕರಿಯ ಬಾಡಿಗೆ 30,000, ಅಡ್ವಾನ್ಸ್ 3 ಲಕ್ಷ. ಬಡ್ಡಿ ವರ್ಷಕ್ಕೆ ಶೇಕಡಾ 6.5 ಅಂತ ಹಿಡಿದರೆ ತಿಂಗಳಿಗೆ 1,625. ಬಣ್ಣದ 30,000ವನ್ನು 36 ತಿಂಗಳಿಗೆ ಹಂಚಿದರೆ 833. ಒಟ್ಟು ಸುಮಾರು 32,500. ಕೋಣನಕುಂಟೆ ಕ್ರಾಸ್‌ನ ಬಾಡಿಗೆ 28,000 ಮಾತ್ರ. ಆದರೆ ಮೆಯಿಂಟೆನೆನ್ಸ್ 4,000 ಇದೆ. ಒಂದೂವರೆ ಲಕ್ಷದ ಬಡ್ಡಿ ಮತ್ತು ಬಣ್ಣ ಸೇರಿದರೆ 33,600 ಹತ್ತಿರ ಹೋಗುತ್ತದೆ. ಬೋರ್ಡಿನಲ್ಲಿ ಎರಡು ಸಾವಿರ ಕಡಿಮೆ ಕಂಡ ಮನೆ ನಿಜದಲ್ಲಿ ಸಾವಿರ ಜಾಸ್ತಿ! ಸಿಂಗಸಂದ್ರಕ್ಕೆ 29,700, ಬಾಡಿಗೆ ಏರಿದ ಮೇಲೆ ಈಗಿನ ಮನೆಗೆ 25,800 ಬಂತು.

ನೀರಿನ ವಿಷಯಕ್ಕೆ ಮಾಲೀಕರನ್ನು ಕೇಳಿದರೆ ಎಲ್ಲರೂ "ಪ್ರಾಬ್ಲಮ್ಮೇ ಇಲ್ಲ" ಅನ್ನುತ್ತಾರೆ. ವಾಚ್‌ಮನ್‌ನ ಕೇಳಿ, ಪಕ್ಕದ ಮನೆಯವರನ್ನು ಕೇಳಿ. ಕೇಳಬೇಕಾದದ್ದು ಒಂದೇ: 2024ರ ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿ ಏನು ಮಾಡಿದಿರಿ? ಆ ಬೇಸಿಗೆಯಲ್ಲಿ ಊರಿನ ಎಷ್ಟೋ ಬೋರ್‌ವೆಲ್ ಬತ್ತಿದ್ದವು, ಟ್ಯಾಂಕರ್ ದರ ಏರಿ ಏರಿ ಕೊನೆಗೆ ಜಿಲ್ಲಾಡಳಿತವೇ 12,000 ಲೀಟರ್ ಟ್ಯಾಂಕರ್‌ಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ನಿಗದಿ ಮಾಡಬೇಕಾಯಿತು. ಆ ಎರಡು ತಿಂಗಳು ಹೇಗೆ ಕಳೆಯಿತು ಅಂತ ಅಲ್ಲಿರುವವರು ಮರೆತಿರುವುದಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತಲೇ ಮಾಡಿದ ಯೋಜನೆ. ಆದರೆ ಬೀದಿಯಲ್ಲಿ ಪೈಪ್ ಇದೆ ಅಂದಮಾತ್ರಕ್ಕೆ ಕಟ್ಟಡಕ್ಕೆ ಸಂಪರ್ಕ ಇದೆ ಅಂತಲ್ಲ. ಜಲಮಂಡಳಿಯ ಬಿಲ್ ತೋರಿಸಿ ಅಂತ ಕೇಳಿ.

ಹುಣಸೆ ಬೀಜ ಹಂಚುವುದು

ಇಡೀ ಕ್ರಮದ ಜೀವ ಇಲ್ಲಿದೆ. ಯಾವ ಅಂಶಕ್ಕೆ ಎಷ್ಟು ತೂಕ ಅಂತ ತೀರ್ಮಾನಿಸಬೇಕು. ಅದೂ ಅಂಕ ಹಾಕುವ ಮೊದಲೇ. ಒಂದು ಮನೆ ಮನಸ್ಸಿಗೆ ಹಿಡಿಸಿಬಿಟ್ಟರೆ ಅದು ಗೆಲ್ಲುವ ಹಾಗೆ ತೂಕವನ್ನು ನಾವೇ ತಿರುಚುತ್ತೇವೆ, ನಮಗೇ ಗೊತ್ತಾಗದ ಹಾಗೆ.

ನಾವು ಅಳಗುಳಿಮಣೆಗೆ ಇಟ್ಟಿದ್ದ ಹುಣಸೆ ಬೀಜ ತೆಗೆದು ಒಬ್ಬೊಬ್ಬರಿಗೆ 20 ಕೊಟ್ಟೆವು. ಐದು ಬಟ್ಟಲು, ಐದು ಅಂಶ. ಒಬ್ಬರು ಹಾಕುವಾಗ ಉಳಿದವರು ಬೇರೆ ಕೋಣೆಯಲ್ಲಿ. ಹಾಕಿದ್ದನ್ನು ಬರೆದುಕೊಂಡು ಬಟ್ಟಲು ಖಾಲಿ ಮಾಡಿ ಮುಂದಿನವರನ್ನು ಕರೆಯಬೇಕು. ಹತ್ತು ವರ್ಷದ ಮಗಳಿಗೂ ಪೂರ್ತಿ 20 ಬೀಜ, ಅವಳೂ ಆ ಮನೆಯಲ್ಲೇ ಇರಬೇಕಲ್ಲ.

ಬೀಜ ಹಾಕುವ ಮೊದಲು ಒಂದು ಮಾತು ಎಲ್ಲರಿಗೂ ಬಿಡಿಸಿ ಹೇಳಿ. "ಖರ್ಚು ಎಷ್ಟು ಮುಖ್ಯ?" ಅಂತ ಕೇಳಿಕೊಳ್ಳಬಾರದು. ಈ ನಾಲ್ಕು ಮನೆಗಳ ನಡುವೆ ಖರ್ಚಿನಲ್ಲಿ ಇರುವ ಅಂತರ ಎಷ್ಟು ಮುಖ್ಯ ಅಂತ ಕೇಳಿಕೊಳ್ಳಬೇಕು. ಉಪ್ಪು ಇಲ್ಲದೆ ಅಡುಗೆಯೇ ಇಲ್ಲ, ಆದರೂ ಯಾವ ಅಂಗಡಿಗೆ ಹೋಗೋಣ ಅನ್ನುವಾಗ ಉಪ್ಪಿನ ಬೆಲೆ ನೋಡುವುದಿಲ್ಲ, ಎಲ್ಲ ಕಡೆ ಹೆಚ್ಚು ಕಡಿಮೆ ಅದೇ ಬೆಲೆ. ಹಾಗೇ ನಾಲ್ಕೂ ಮನೆಯ ಖರ್ಚು ಐನೂರು ರೂಪಾಯಿ ಆಚೀಚೆ ಇದ್ದಿದ್ದರೆ, ದುಡ್ಡು ನಮಗೆ ಎಷ್ಟೇ ಮುಖ್ಯವಾಗಿದ್ದರೂ ಆ ಬಟ್ಟಲಿಗೆ ಒಂದು ಬೀಜ ಸಾಕಾಗಿತ್ತು. ನಮ್ಮಲ್ಲಿ ಅಂತರ ಸುಮಾರು 8,000. ಓಡಾಟದಲ್ಲಿ ಅಂತರ 80 ನಿಮಿಷ. "ದಿನಕ್ಕೆ 80 ನಿಮಿಷ ಉಳಿಸಲು ತಿಂಗಳಿಗೆ 8,000 ಕೊಡುತ್ತೀರಾ?" ಅಂತ ಒಬ್ಬರನ್ನೊಬ್ಬರು ಕೇಳಿಕೊಂಡಾಗ ಬೀಜ ಎಲ್ಲಿ ಬೀಳಬೇಕು ಅನ್ನೋದು ತಿಳಿಯಾಯಿತು. ಅದಕ್ಕೇ ಅಳತೆ ಮೊದಲು, ತೂಕ ಆಮೇಲೆ.

ಅತ್ತೆ ನೀರಿಗೆ ಎಂಟು ಬೀಜ ಹಾಕಿದ್ದರು, ಗಂಡ ಒಂದು. ಇಂಥ ಕಡೆ ಸರಾಸರಿ ತೆಗೆದು ಮುಂದೆ ಹೋಗಬೇಡಿ. ಸರಾಸರಿ ಮಾಡಿದರೆ ಜಗಳ ಅಡಗುತ್ತದೆ, ಮುಗಿಯುವುದಿಲ್ಲ. ಯಾಕೆ ಅಂತ ಕೇಳಿ. 2024ರ ಬೇಸಿಗೆಯಲ್ಲಿ ಅತ್ತೆ ನನ್ನ ನಾದಿನಿಯ ಮನೆಯಲ್ಲಿದ್ದರು. ಬೆಳಗ್ಗೆ ಐದಕ್ಕೆ ಎದ್ದು, ನಲ್ಲಿ ಬರುವ ಅರ್ಧ ಗಂಟೆಯಲ್ಲಿ ಬಕೆಟ್ ತುಂಬಿಸಿ ಇಡುತ್ತಿದ್ದವರು ಅವರು, ಆ ನೋಯುವ ಮಂಡಿಯಲ್ಲಿ. ಇದನ್ನು ಅವರು ಅಲ್ಲಿಯವರೆಗೆ ನಮಗೆ ಹೇಳಿರಲಿಲ್ಲ. ಕೇಳಿದ ಮೇಲೆ ಗಂಡ ತಾವೇ ನೀರಿನ ಬಟ್ಟಲಿಗೆ ಬೀಜ ಹೆಚ್ಚಿಸಿದರು. ಒಟ್ಟಿಗೆ ಕೂತು ಕೊನೆಗೆ ಇಟ್ಟದ್ದು: ಓಡಾಟ 6, ಖರ್ಚು 4, ನೀರು 4, ಶಾಲೆ 3, ಗಾಳಿ-ಬೆಳಕು-ಜಾಗ 3.

ಅಂಕ ಮತ್ತು ಲೆಕ್ಕ

ಅಂಕ 0ಯಿಂದ 10. ಮೊದಲು 0 ಅಂದರೇನು, 10 ಅಂದರೇನು ಅಂತ ಬರೆಯಿರಿ. ಓಡಾಟಕ್ಕೆ 300 ನಿಮಿಷ ಅಂದರೆ 0, 200 ನಿಮಿಷ ಅಂದರೆ 10. ಖರ್ಚಿಗೆ 35,000 ಅಂದರೆ 0, 25,000 ಅಂದರೆ 10. ನೀರಿಗೆ ಪೂರ್ತಿ ಟ್ಯಾಂಕರ್ ನಂಬಿದ್ದರೆ 0, ಕಾವೇರಿ ಸಂಪರ್ಕ, ದೊಡ್ಡ ಸಂಪು, ಜೊತೆಗೆ ನಡೆಯುತ್ತಿರುವ ಬೋರ್‌ವೆಲ್ ಮೂರೂ ಇದ್ದರೆ 10. ಅರ್ಧ ಅಂಕಕ್ಕಿಂತ ಸಣ್ಣದಾಗಿ ಸೀಳಬೇಡಿ.

ಇನ್ನೊಂದು ಮಾತು. ಒಂದು ಮನೆ ತೆಗೆದುಕೊಂಡು ಐದೂ ಅಂಕ ಹಾಕಬೇಡಿ. ಒಂದು ಅಂಶ ತೆಗೆದುಕೊಂಡು ನಾಲ್ಕೂ ಮನೆಗೆ ಹಾಕಿ, ಆಮೇಲೆ ಮುಂದಿನ ಅಂಶಕ್ಕೆ ಹೋಗಿ. ಹಾಗೆ ಮಾಡಿದರೆ ಒಂದು ಮನೆಯ ಮೇಲಿನ ಪ್ರೀತಿ ಎಲ್ಲ ಸಾಲಿಗೂ ಹರಡುವುದಿಲ್ಲ. ಮುಗಿದ ಮೇಲೆ ಅಂಕವನ್ನು ಬೀಜದಿಂದ ಗುಣಿಸಿ, ಕೆಳಗೆ ಕೂಡಿ.

| ಅಂಶ | ಬೀಜ | ಬನಶಂಕರಿ | ಕೋಣನಕುಂಟೆ ಕ್ರಾಸ್ | ಸಿಂಗಸಂದ್ರ | ಈಗಿನ ಮನೆ |
|---|---|---|---|---|---|
| ಓಡಾಟ | 6 | 8 | 6 | 9 | 1 |
| ಖರ್ಚು | 4 | 2.5 | 1.5 | 5.5 | 9 |
| ನೀರು | 4 | 9 | 4 | 2 | 8 |
| ಶಾಲೆ | 3 | 8 | 5 | 2 | 9 |
| ಗಾಳಿ-ಬೆಳಕು-ಜಾಗ | 3 | 5 | 8 | 8 | 1 |
| ಒಟ್ಟು | 20 | 133 | 97 | 114 | 104 |

ಈಗಿನ ಮನೆ ಕೋಣನಕುಂಟೆ ಕ್ರಾಸ್‌ಗಿಂತ ಮುಂದೆ ಇರುವುದನ್ನು ನೋಡಿ. ಇದ್ದಲ್ಲೇ ಇರುವುದನ್ನೂ ಸಾಲಿನಲ್ಲಿ ಸೇರಿಸಿ ಅಂದದ್ದು ಇದಕ್ಕೇ. ಸುಮ್ನೆ ಬದಲಾವಣೆ ಬೇಕು ಅಂತ ಆ ಅಪಾರ್ಟ್‌ಮೆಂಟಿಗೆ ಹೋಗಿದ್ದರೆ, ಸಾಮಾನು ಸಾಗಿಸಿ, ಅಡ್ವಾನ್ಸ್ ಕೊಟ್ಟು, ಇದ್ದದ್ದಕ್ಕಿಂತ ಹಿಂದೆ ಹೋಗಿರುತ್ತಿದ್ದೆವು.

ಬೀಜ ಸರಿಸಿ ನೋಡಿ

133 ಬಂತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ತೂಕ ಸ್ವಲ್ಪ ಬದಲಾದರೆ ಗೆದ್ದ ಮನೆ ಗೆದ್ದೇ ಇರುತ್ತದಾ ಅಂತ ನೋಡಬೇಕು. ನೀರಿನ ಬಟ್ಟಲಿನಿಂದ ಒಂದು ಬೀಜ ತೆಗೆದು ಖರ್ಚಿಗೆ ಹಾಕಿದೆವು. ಬನಶಂಕರಿ 126.5, ಸಿಂಗಸಂದ್ರ 117.5. ಇನ್ನೂ ಬನಶಂಕರಿಯೇ ಮುಂದೆ. ಇನ್ನೊಂದು ಬೀಜ ಸರಿಸಿದೆವು. ಬನಶಂಕರಿ 120, ಸಿಂಗಸಂದ್ರ 121! ಎರಡೇ ಬೀಜಕ್ಕೆ ಪಟ್ಟ ಬದಲಾಯಿತು. ಶಾಲೆ ಮತ್ತು ಜಾಗದ ನಡುವೆ ಒಂದೆರಡು ಬೀಜ ಆಚೀಚೆ ಮಾಡಿದರೆ ಬನಶಂಕರಿಯೇ ಮುಂದಿತ್ತು.

ಇದರಿಂದ ನಮಗೆ ಗೊತ್ತಾದದ್ದು, ಎರಡು ವಾರ ನಡೆದ ವಾದದಲ್ಲಿ ನಿಜವಾದ ಗಂಟು ಒಂದೇ ಕಡೆ ಇತ್ತು: ನೀರಿನ ಭರವಸೆಗೆ ತಿಂಗಳಿಗೆ ಸುಮಾರು 2,800 ಜಾಸ್ತಿ ಕೊಡುತ್ತೇವಾ? ಅಷ್ಟು ಸಣ್ಣ ಪ್ರಶ್ನೆಗೆ ಊಟ ಮಾಡುತ್ತಲೇ ಉತ್ತರ ಹೇಳಬಹುದು.

ಹಾಗೇ ಇನ್ನೊಂದು ಲೆಕ್ಕ ಮಾಡಿ. ಸೋತ ಮನೆ ಗೆಲ್ಲಬೇಕಾದರೆ ಯಾವ ಅಂಕ ಎಷ್ಟಾಗಬೇಕು? ಸಿಂಗಸಂದ್ರದ ನೀರಿನ ಅಂಕ 2ರಿಂದ 7ಕ್ಕೆ ಏರಿದರೆ ಅದರ ಮೊತ್ತ 134 ಆಗಿ ಬನಶಂಕರಿಯನ್ನು ದಾಟುತ್ತದೆ. 6 ಆದರೆ ಇಲ್ಲ. ಅಂದರೆ ಮತ್ತೆ ವಿಚಾರಿಸಲು ಯೋಗ್ಯವಾದ ವಿಷಯ ಇದೊಂದೇ. ಗಂಡ ಇನ್ನೊಂದು ಸಲ ಹೋಗಿ ಅಲ್ಲಿನ ಅಸೋಸಿಯೇಷನ್‌ನವರನ್ನು ಕಂಡು ಬಂದರು. ಸಂಪರ್ಕಕ್ಕೆ ಅರ್ಜಿ ಹಾಕಿದ್ದಾರೆ, ನೀರು ಇನ್ನೂ ಬಂದಿಲ್ಲ. ಅಂಕ 2ರಿಂದ 3 ಮಾಡಿದೆವು, ಅಷ್ಟೇ. ಸಿಂಗಸಂದ್ರ ಹೆಚ್ಚು ಇಷ್ಟಪಟ್ಟಿದ್ದವರೇ ಹೋಗಿ ನೋಡಿ ಬಂದದ್ದು ಒಳ್ಳೆಯದಾಯಿತು, ಆಮೇಲೆ ಮನೆಯಲ್ಲಿ ಆ ಮಾತು ಮತ್ತೆ ಏಳಲಿಲ್ಲ.

ಮೂರು ದಿನ ಬಿಡಿ

1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಗೆಳೆಯ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಒಂದು ಕಾಗದ ಬರೆದರು. ಹೊಸ ಕೆಲಸ ಒಪ್ಪಿಕೊಳ್ಳಲೋ ಬೇಡವೋ ಅಂತ ಪ್ರೀಸ್ಟ್ಲಿ ಒದ್ದಾಡುತ್ತಿದ್ದರು. ಇದನ್ನೇ ಮಾಡು ಅಂತ ಫ್ರಾಂಕ್ಲಿನ್ ಹೇಳಲಿಲ್ಲ, ತಾವು ತೀರ್ಮಾನ ಮಾಡುವ ರೀತಿ ಹೇಳಿದರು. ಹಾಳೆಗೆ ನಡುವೆ ಗೆರೆ ಎಳೆದು ಪರ ಒಂದು ಕಡೆ, ವಿರೋಧ ಇನ್ನೊಂದು ಕಡೆ. ಅದನ್ನು ಒಂದೇ ಸಲ ಕೂತು ಬರೆಯುವುದಿಲ್ಲ, ಮೂರು ನಾಲ್ಕು ದಿನ ಹೊಳೆದದ್ದನ್ನು ಹೊಳೆದಾಗ ಸೇರಿಸುತ್ತ ಹೋಗುವುದು. ಆಮೇಲೆ ಎರಡೂ ಕಡೆ ಸಮ ತೂಗುವುದನ್ನು ಹೊಡೆದುಹಾಕುತ್ತ ಬಂದು, ಉಳಿದದ್ದು ಯಾವ ಕಡೆ ಅಂತ ನೋಡುವುದು. ನಮ್ಮ ಹಾಳೆಗಿಂತ ಅವರದ್ದು ಸರಳ. ಆದರೆ ಆ ಮೂರು ನಾಲ್ಕು ದಿನದ ಮಾತು ಇವತ್ತಿಗೂ ಅಷ್ಟೇ ಸರಿ.

ನಾವು ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಮೂರು ದಿನ ಬಿಟ್ಟೆವು. ಆ ದಿನಗಳಲ್ಲಿ ಬನಶಂಕರಿಗೇ ಹೋಗುತ್ತಿದ್ದೇವೆ ಅಂತ ಮಾತಾಡಿಕೊಂಡೆವು. ಮಂಚ ಎಲ್ಲಿ ಬರುತ್ತದೆ, ತರಕಾರಿ ಎಲ್ಲಿಂದ ತರುವುದು, ಹೀಗೆ. ಹಾಗೆ ಮಾತಾಡುವಾಗ ಯಾರಿಗಾದರೂ ಹೊಟ್ಟೆಯೊಳಗೆ ಕಸಿವಿಸಿ ಆದರೆ ಅದನ್ನು ತಳ್ಳಿಹಾಕಬೇಡಿ, ಹಾಳೆಯಲ್ಲಿ ಬರೆಯದ ಅಂಶ ಒಂದು ಉಳಿದುಹೋಗಿದೆ ಅಂತ ಅರ್ಥ. ಅದಕ್ಕೊಂದು ಹೆಸರು ಕೊಟ್ಟು, ಬೀಜ ಹಾಕಿ, ಲೆಕ್ಕ ಮತ್ತೆ ಮಾಡಿ. ಮಗಳು ಎರಡನೇ ದಿನ ಸಪ್ಪಗಿದ್ದಳು. ಅಪಾರ್ಟ್‌ಮೆಂಟಿನಲ್ಲಿ ಆಡಲು ಮಕ್ಕಳಿರುತ್ತಾರೆ, ಇಲ್ಲಿ ಯಾರು? ಶನಿವಾರ ಸಂಜೆ ಅವಳನ್ನೇ ಕರೆದುಕೊಂಡು ಆ ಬೀದಿಯ ಪಾರ್ಕಿಗೆ ಹೋದೆವು. ಏಳೆಂಟು ಮಕ್ಕಳಿದ್ದರು. ಅವಳ ಕಡೆಯಿಂದಲೂ ಒಪ್ಪಿಗೆ ಸಿಕ್ಕಿತು. ಭಾನುವಾರ ಟೋಕನ್ ಕೊಟ್ಟೆವು, ನವೆಂಬರ್ ಕೊನೆಯಲ್ಲಿ ಹಾಲು ಉಕ್ಕಿಸಿದೆವು.

ಕೆಲಸ ಬದಲಿಸುವುದು, ಶಾಲೆ ಆರಿಸುವುದು, ಗಾಡಿ ಕೊಳ್ಳುವುದು, ಎಲ್ಲಕ್ಕೂ ಇದೇ ಕ್ರಮ ಬರುತ್ತದೆ, ಅಂಶಗಳು ಮಾತ್ರ ಬೇರೆ. ಮಿಕ್ಸಿ ಕೊಳ್ಳಲು ಇಷ್ಟೆಲ್ಲ ಬೇಡ.

ಹಾಳೆಯನ್ನು ಎಸೆಯಬೇಡಿ

ಮೂರು ತಿಂಗಳ ಮೇಲೆ ಅದೇ ಹಾಳೆ ತೆಗೆದು, ಪ್ರತಿ ಅಂಕದ ಪಕ್ಕದಲ್ಲಿ ಈಗ ಎಷ್ಟು ಕೊಡುತ್ತೀರಿ ಅಂತ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಕೊಟ್ಟ ತೀರ್ಮಾನ ಬದಲಿಸಲು ಅಲ್ಲ, ಅಳತೆಯಲ್ಲಿ ಎಲ್ಲಿ ತಪ್ಪಿದೆವು ಅಂತ ತಿಳಿಯಲು. ನಮ್ಮಲ್ಲಿ ನೀರಿನ 9 ಹಾಗೇ ಉಳಿಯಿತು. ಓಡಾಟ 220 ಅಂತ ಬರೆದದ್ದು ನಿಜದಲ್ಲಿ 230ರ ಹತ್ತಿರ ಇದೆ, ನಾವು ಸೋಮವಾರ ಬೆಳಗ್ಗೆ ನೋಡಿದ್ದೆವು, ಸಂಜೆಯ ರಶ್ ನೋಡಿರಲಿಲ್ಲ. ಗಾಳಿ-ಬೆಳಕಿನ 5ನ್ನು 4 ಮಾಡಿದ್ದೇವೆ. ಮನೆ ನೋಡಿದ್ದು ಬೆಳಗ್ಗೆ ಹನ್ನೊಂದಕ್ಕೆ, ಆಗ ಹಾಲ್ ತುಂಬ ಬಿಸಿಲಿತ್ತು. ಪಕ್ಕದ ಕಟ್ಟಡ ಎತ್ತರ ಇರುವುದರಿಂದ ಸಂಜೆ ನಾಲ್ಕಕ್ಕೇ ಲೈಟ್ ಹಾಕಬೇಕು. ಹಾಳೆಯ ಹಿಂಬದಿಯಲ್ಲಿ ಅತ್ತೆ ತಮ್ಮ ಕೈಯಲ್ಲೇ ಬರೆದಿಟ್ಟಿದ್ದಾರೆ: "ಮುಂದಿನ ಸಲ ಮನೆ ನೋಡಲು ಸಂಜೆಯೂ ಒಂದು ಸಲ ಹೋಗುವುದು."